ಚಿತ್ರಶಾಲೆಗೆ ಹೋದ ಮಕ್ಕಳು ಚಿತ್ರ ನೋಡಿದರೇ?

ಮಕ್ಕಳಿಗೆ ಚಿತ್ರಕಲೆ ಕಲಿಸಲು ಮೈಸೂರಿನಷ್ಟು ಅನುಕೂಲದ ಊರು ಕರ್ನಾಟಕದಲ್ಲಿ ಸಿಗುವುದು ಕಷ್ಟ. 1861ರಲ್ಲಿ ಕಟ್ಟಿದ ಜಗನ್ಮೋಹನ ಅರಮನೆ 1915ರಿಂದಲೇ ಚಿತ್ರಶಾಲೆ. ಅಂಬಾವಿಲಾಸ ಅರಮನೆಯ ಕಲ್ಯಾಣಮಂಟಪದ ಗೋಡೆಗಳ ಮೇಲೆ ದಸರಾ ಮೆರವಣಿಗೆಯ 26 ಚಿತ್ರಫಲಕಗಳಿವೆ. ಮಾನಸಗಂಗೋತ್ರಿಯ ಜಾನಪದ ವಸ್ತುಸಂಗ್ರಹಾಲಯದಲ್ಲಿ ತೊಗಲುಗೊಂಬೆಗಳಿವೆ, ಮರದ ದೊಡ್ಡ ದೊಡ್ಡ ಮೂರ್ತಿಗಳಿವೆ. ಸಿದ್ಧಾರ್ಥನಗರದಲ್ಲಿ ಕಾವಾ, ಅಂದರೆ ಸರ್ಕಾರಿ ದೃಶ್ಯಕಲಾ ಕಾಲೇಜು. ಹೊಳೆ ದಾಟಿದರೆ ಮಂಡ್ಯ ಜಿಲ್ಲೆಯ ಶ್ರೀರಂಗಪಟ್ಟಣ, ಅಲ್ಲಿ ಟಿಪ್ಪುವಿನ ಬೇಸಿಗೆ ಅರಮನೆ, 1784ರ ದರಿಯಾ ದೌಲತ್.

ಇಷ್ಟೆಲ್ಲ ಇದ್ದೂ ಹತ್ತು ವರ್ಷದ ಮಗುವಿಗೆ ಇವುಗಳಿಂದ ಸಿಗುವುದು ಮೂರೇ: ಶಾಲಾ ಪ್ರವಾಸ, ಬೇಸಿಗೆ ಶಿಬಿರ, ಚಿತ್ರಸ್ಪರ್ಧೆ. ಮೂರರಲ್ಲೂ ಒಂದು ಚಿತ್ರದ ಮುಂದೆ ನಿಂತು ನೋಡುವ ಕೆಲಸ ಇಲ್ಲ. ಪ್ರವಾಸದಲ್ಲಿ ಅರಮನೆ, ಮೃಗಾಲಯ, ಚಾಮುಂಡಿಬೆಟ್ಟ, ಸಂಜೆಗೆ ಕೆಆರ್‌ಎಸ್ ಕಾರಂಜಿ ಎಲ್ಲವೂ ಒಂದೇ ದಿನ. ಮಕ್ಕಳು ಸಾಲಾಗಿ ಒಳಗೆ ಹೋಗಿ ಸಾಲಾಗಿಯೇ ಹೊರಗೆ ಬರುತ್ತಾರೆ. ಶಿಬಿರದಲ್ಲಿ ಸೋಮವಾರ ವರ್ಲಿ, ಮಂಗಳವಾರ ಮಧುಬನಿ, ಬುಧವಾರ ಜೇಡಿಮಣ್ಣು, ಗುರುವಾರ ಒರಿಗಾಮಿ, ಕೊನೆಯ ದಿನ ಅಪ್ಪ ಅಮ್ಮಂದಿರಿಗೆ ಪ್ರದರ್ಶನ. ಸ್ಪರ್ಧೆಯಲ್ಲಂತೂ 'ಪರಿಸರ ಸಂರಕ್ಷಣೆ' ಎಂದು ವಿಷಯ ಕೊಟ್ಟ ಕೂಡಲೇ ಎರಡು ಬೆಟ್ಟ, ನಡುವೆ ಸೂರ್ಯ, ಪಕ್ಕಕ್ಕೊಂದು ತೆಂಗಿನಮರ. ಆ ಬೆಟ್ಟ ಮಗು ಕಂಡ ಬೆಟ್ಟವಲ್ಲ, ಇನ್ನೊಂದು ಮಗುವಿನ ಹಾಳೆಯಲ್ಲಿ ಕಂಡದ್ದು. ಚಾಮುಂಡಿಬೆಟ್ಟ ಕಿಟಕಿಯಾಚೆಯೇ ಇರುವ ಊರಲ್ಲೂ ಮಕ್ಕಳು ತ್ರಿಕೋನದ ಬೆಟ್ಟವನ್ನೇ ಬಿಡಿಸುತ್ತಾರೆ.

ರಂಗಾಯಣದ ಚಿಣ್ಣರ ಮೇಳ ಇದಕ್ಕೆ ಅಪವಾದಕ್ಕೆ ಹತ್ತಿರ. ಅಲ್ಲಿ ಮುಖವಾಡ, ಪರಿಕರ, ರಂಗಸಜ್ಜಿಕೆಗಳನ್ನು ನಾಟಕಕ್ಕೆ ಬೇಕಾಗಿ ಮಾಡುವುದರಿಂದ ಕೈಕೆಲಸಕ್ಕೊಂದು ಕಾರಣ ಇರುತ್ತದೆ. ಆದರೆ ಅದು ರಂಗಭೂಮಿಯ ಮೇಳ, ವರ್ಷಕ್ಕೊಮ್ಮೆ ನಡೆಯುವಂಥದ್ದು. ದೃಶ್ಯಕಲೆಯ ಹೊಣೆಯನ್ನು ಅದರ ಮೇಲೆ ಹೊರಿಸಲಾಗದು.

ಶಾಲೆಯೊಳಗಿನ ಸ್ಥಿತಿಯೂ ಹೆಚ್ಚು ಭಿನ್ನವಲ್ಲ. 2009ರ ಶಿಕ್ಷಣ ಹಕ್ಕು ಕಾಯ್ದೆಯ ಅನುಸೂಚಿಯಂತೆ ಆರರಿಂದ ಎಂಟನೇ ತರಗತಿಯವರೆಗೆ 100ಕ್ಕಿಂತ ಹೆಚ್ಚು ಮಕ್ಕಳಿರುವ ಶಾಲೆಗೆ ಕಲಾಶಿಕ್ಷಣದ ಅರೆಕಾಲಿಕ ಬೋಧಕರು ಇರಬೇಕು. ಅಂದರೆ ಸಣ್ಣ ಹಳ್ಳಿ ಶಾಲೆಗೆ ಕಾಯ್ದೆಯಲ್ಲೇ ಚಿತ್ರದ ಮೇಷ್ಟ್ರಿಲ್ಲ. 2023ರ ರಾಷ್ಟ್ರೀಯ ಪಠ್ಯಕ್ರಮ ಚೌಕಟ್ಟು ಕಲೆಯನ್ನು ಗಣಿತ, ವಿಜ್ಞಾನಗಳ ಜೊತೆಗೇ ಒಂದು ಪಠ್ಯಕ್ಷೇತ್ರವೆಂದು ಎಣಿಸಿದೆ. ಆ ಎಣಿಕೆ ತರಗತಿಗೆ ಇಳಿಯಬೇಕಾದರೆ ಶಾಲೆಯ ಹೊರಗೆ ಚಿತ್ರವೂ ಚಿತ್ರ ಬಲ್ಲವರೂ ಇರುವ ಜಾಗಗಳನ್ನು ಬಳಸಿಕೊಳ್ಳದೆ ಬೇರೆ ದಾರಿ ಇಲ್ಲ.

ಯಾವ ವಯಸ್ಸಿನವರನ್ನು ಕರೆದೊಯ್ಯಬೇಕು? ಇದಕ್ಕೆ ಸಾಕಷ್ಟು ಖಚಿತವಾದ ಉತ್ತರವೇ ಇದೆ. ಮಕ್ಕಳ ಚಿತ್ರದ ಬೆಳವಣಿಗೆಯನ್ನು 1947ರಲ್ಲಿ ಹಂತಗಳಾಗಿ ವಿಂಗಡಿಸಿದ ವಿಕ್ಟರ್ ಲೋವೆನ್‌ಫೆಲ್ಡ್ ಪ್ರಕಾರ ಏಳರಿಂದ ಒಂಬತ್ತು ವರ್ಷದ ಮಗುವಿಗೆ ಪ್ರತಿ ವಸ್ತುವಿಗೂ ಒಂದು ಸಿದ್ಧ ರೂಪ ಇರುತ್ತದೆ. ಮನೆ ಎಂದರೆ ಹೀಗೆ, ಮರ ಎಂದರೆ ಹೀಗೆ. ಒಂಬತ್ತರಿಂದ ಹನ್ನೆರಡರೊಳಗೆ ಆ ರೂಪ ತಾನು ನೋಡುವುದಕ್ಕೆ ಹೊಂದುತ್ತಿಲ್ಲ ಎಂದು ಮಗುವಿಗೇ ಗೊತ್ತಾಗುತ್ತದೆ. ಕಣ್ಣು ಮುಂದೆ ಹೋಗಿ ಕೈ ಹಿಂದೆ ಉಳಿಯುವ ಕಾಲ ಅದು. 'ನಂಗೆ ಡ್ರಾಯಿಂಗ್ ಬರಲ್ಲ' ಎನ್ನುವ ಮಾತು ಹುಟ್ಟುವುದು ಸಾಮಾನ್ಯವಾಗಿ ಐದು, ಆರನೇ ತರಗತಿಯಲ್ಲೇ. ಬೇರೆಯವರು ಇದೇ ತೊಡಕನ್ನು ಹೇಗೆ ಬಿಡಿಸಿಕೊಂಡಿದ್ದಾರೆ ಎಂದು ತೋರಿಸಿದರೆ ಮಗು ಮುಂದಕ್ಕೆ ಹೋಗುತ್ತದೆ. ತೋರಿಸದಿದ್ದರೆ ಮೊಬೈಲಿನಲ್ಲಿ ಕಂಡ ಕಾರ್ಟೂನನ್ನು ನಕಲು ಮಾಡುತ್ತದೆ, ಇಲ್ಲವೇ ಪೆನ್ಸಿಲ್ ಕೆಳಗಿಡುತ್ತದೆ. ಹಾಗಾಗಿ ಚಿತ್ರಶಾಲೆಯ ಮೊದಲ ಹಕ್ಕುದಾರರು ಐದರಿಂದ ಏಳನೇ ತರಗತಿಯವರು. ಏಳು ವರ್ಷಕ್ಕಿಂತ ಚಿಕ್ಕವರನ್ನು ತೈಲಚಿತ್ರಗಳ ಮುಂದೆ ನಿಲ್ಲಿಸುವುದು ಮಕ್ಕಳಿಗೂ ಕರೆದೊಯ್ದವರಿಗೂ ಶಿಕ್ಷೆ. ಆ ಮಕ್ಕಳಿಗೆ ಜಾನಪದ ಸಂಗ್ರಹಾಲಯದ ಮರದ ಮೂರ್ತಿಗಳೋ ಕಾರಂಜಿ ಕೆರೆ ಪಕ್ಕದ ಪ್ರಾಕೃತಿಕ ವಿಜ್ಞಾನ ಸಂಗ್ರಹಾಲಯವೋ ವಾಸಿ.

ನೋಡುವುದನ್ನೂ ಕಲಿಸಬೇಕೇ ಎಂಬ ಸಂಶಯ ಸಹಜ. ನ್ಯೂಯಾರ್ಕಿನ ಮೆಟ್ರೊಪಾಲಿಟನ್ ಮ್ಯೂಸಿಯಮ್ಮಿನಲ್ಲಿ ನಡೆಸಿ 2001ರಲ್ಲಿ ಪ್ರಕಟಿಸಿದ ಅಧ್ಯಯನವೊಂದರಲ್ಲಿ ಜನ ಒಂದು ಕೃತಿಯ ಮುಂದೆ ಸರಾಸರಿ 27 ಸೆಕೆಂಡು ನಿಂತರು. ಅರ್ಧದಷ್ಟು ನೋಟಗಳು 17 ಸೆಕೆಂಡನ್ನೂ ದಾಟಲಿಲ್ಲ. ಟಿಕೆಟ್ ಕೊಂಡು ತಾವಾಗಿ ಬಂದ ವಯಸ್ಕರ ಕತೆ ಇದು. ಅಮೆರಿಕದ ಅರ್ಕಾನ್ಸಾ ರಾಜ್ಯದಲ್ಲಿ ಹೊಸ ಕಲಾಸಂಗ್ರಹಾಲಯವೊಂದು 2011ರಲ್ಲಿ ಬಾಗಿಲು ತೆರೆದಾಗ ಭೇಟಿಗೆ ಅರ್ಜಿ ಹಾಕಿದ ಶಾಲೆಗಳಲ್ಲಿ ಕೆಲವನ್ನು ಚೀಟಿ ಎತ್ತಿ ಆರಿಸಿ, ಉಳಿದವನ್ನು ಕಾಯಿಸಿ, ಸುಮಾರು 11,000 ಮಕ್ಕಳನ್ನು ಹೋಲಿಸಿ ನೋಡಿದರು. ಭೇಟಿ ಅರ್ಧ ದಿನದ್ದು, ನೋಡಿದ್ದು ಬೆರಳೆಣಿಕೆಯ ಕೃತಿ, ನಡೆದದ್ದು ಮಾತುಕತೆ. ವಾರಗಳ ನಂತರ ಹೊಸದೊಂದು ಚಿತ್ರ ಕೊಟ್ಟು ಬರೆಸಿದಾಗ ಹೋಗಿ ಬಂದ ಮಕ್ಕಳು ಹೆಚ್ಚು ವಿವರ ಗಮನಿಸಿ ಬರೆದರು. ಲಾಭ ಹೆಚ್ಚಾಗಿ ಕಂಡದ್ದು ಹಳ್ಳಿಗಾಡಿನ, ಬಡತನ ಹೆಚ್ಚಿರುವ ಶಾಲೆಗಳ ಮಕ್ಕಳಲ್ಲಿ. ಅಲ್ಲಿಯ ಅಂಕಿಗಳನ್ನು ಇಲ್ಲಿಗೆ ತಂದು ಅಂಟಿಸಲಾಗದು, ಸರಿ. ಆದರೆ ಮಾತುಕತೆಯ ಕ್ರಮಕ್ಕೆ ಯಾವ ಊರಿನ ಅಡ್ಡಿಯೂ ಇಲ್ಲ.

ಜಗನ್ಮೋಹನದಲ್ಲಿ ಎಲ್ಲರೂ ಹುಡುಕಿಕೊಂಡು ಹೋಗುವ ಚಿತ್ರ ಎಸ್. ಎಲ್. ಹಳದಣಕರ್ ಅವರ ದೀಪ ಹಿಡಿದ ಮಹಿಳೆ. ಒಂದು ಕೈಯಲ್ಲಿ ದೀಪ, ಇನ್ನೊಂದು ಕೈ ಅದಕ್ಕೆ ಮರೆ, ಬೆರಳುಗಳ ಅಂಚಿನಲ್ಲಿ ಕೆಂಪು. ಕತ್ತಲು ಮಾಡಿದ ಕೋಣೆಯಲ್ಲಿ ಅದನ್ನು ತೋರಿಸಿ 'ದೀಪ ನಿಜವಾಗ್ಲೂ ಉರಿಯೋ ಹಾಗಿದೆ ನೋಡಿ' ಎಂದು ಹೇಳಿ ಮುಂದಕ್ಕೆ ಕಳಿಸುವುದು ರೂಢಿ. ಮಕ್ಕಳಲ್ಲಿ ಹಲವರಿಗೆ ಹಿಂದೆ ಬಲ್ಬು ಇದೆ ಎಂಬ ಗುಮಾನಿ ಹಾಗೇ ಉಳಿಯುತ್ತದೆ. ಅದೇ ಚಿತ್ರದ ಮುಂದೆ ಹತ್ತು ಮಕ್ಕಳನ್ನು ಹನ್ನೆರಡು ನಿಮಿಷ ನಿಲ್ಲಿಸಿ ಮೂರೇ ಪ್ರಶ್ನೆ ಕೇಳಬಹುದು. ಇಲ್ಲಿ ಏನು ನಡೀತಾ ಇದೆ? ಏನು ನೋಡಿ ನಿನಗೆ ಹಾಗನ್ನಿಸ್ತು? ಇನ್ನೂ ಏನೇನು ಕಾಣ್ತಿದೆ? ಹಲವು ದೇಶಗಳ ಸಂಗ್ರಹಾಲಯಗಳಲ್ಲಿ ಬಳಕೆಯಲ್ಲಿರುವ ಕ್ರಮ ಇದು. ಎರಡನೆಯ ಪ್ರಶ್ನೆಯೇ ಇದರ ಬೆನ್ನೆಲುಬು, ಯಾಕೆಂದರೆ ಮಗು ಉತ್ತರಕ್ಕಾಗಿ ಮೇಷ್ಟ್ರ ಮುಖ ಬಿಟ್ಟು ಚಿತ್ರಕ್ಕೇ ಹಿಂತಿರುಗಬೇಕಾಗುತ್ತದೆ. ಕೇಳುವವರು ಪ್ರತಿ ಉತ್ತರವನ್ನೂ ಮಗುವಿನ ಮಾತಲ್ಲೇ ಮತ್ತೊಮ್ಮೆ ಹೇಳಿ, ಆ ಜಾಗವನ್ನು ದೂರದಿಂದ ತೋರಿಸಬೇಕು. 'ಸರಿ', 'ತಪ್ಪು', 'ವೆರಿ ಗುಡ್' ಯಾವುದೂ ಬೇಡ. ಒಬ್ಬರಿಗೆ ವೆರಿ ಗುಡ್ ಎಂದರೆ ಉಳಿದ ಒಂಬತ್ತು ಜನ ಬಾಯಿ ಮುಚ್ಚುತ್ತಾರೆ.

ಹೆಸರು, ಇಸವಿ, ಚಿತ್ರಕಾರರ ವಿವರ ಕೊನೆಗೆ. ಮೊದಲೇ ಹೇಳಿದರೆ ನೋಡುವ ಕೆಲಸ ಮುಗಿಯಿತೆಂದು ಮಕ್ಕಳು ತಿಳಿಯುತ್ತಾರೆ. ಕೆಲವು ಶಾಲೆಗಳು ಕೊಡುವ 'ಚಿತ್ರದ ಹೆಸರು, ಚಿತ್ರಕಾರ, ವರ್ಷ' ಎಂಬ ಖಾಲಿ ಜಾಗದ ಹಾಳೆಯಂತೂ ಶುದ್ಧ ನಷ್ಟ. ಮಕ್ಕಳು ಲೇಬಲ್ ನಕಲು ಮಾಡಿ ಮುಂದಕ್ಕೆ ಓಡುತ್ತಾರೆ, ಚಿತ್ರದ ಕಡೆ ಕತ್ತು ಎತ್ತುವುದಿಲ್ಲ.

ಆಮೇಲೆ ತಿಳಿಸಬೇಕಾದ್ದು: ಇದು 1945–46ರ ಸುಮಾರಿನ ಜಲವರ್ಣ. ಪಾರದರ್ಶಕ ಜಲವರ್ಣದಲ್ಲಿ ಬೆಳಕು ಎಂದರೆ ಕಾಗದದ ಬಿಳುಪೇ. ಬೆಳಕನ್ನು ಬಳಿಯುವುದಲ್ಲ, ಸುತ್ತಲನ್ನು ಕಪ್ಪಾಗಿಸಿ ಅದನ್ನು ಉಳಿಸಿಕೊಳ್ಳುವುದು. ಇದು ಮಾತಲ್ಲಿ ತಲೆಗೆ ಹೋಗುವುದಿಲ್ಲ, ಕೈಯಿಂದ ಹೋಗುತ್ತದೆ. ಶಾಲೆಗೆ ಮರಳಿದ ಮೇಲೆ ಪ್ರತಿ ಮಗುವಿಗೂ ಸ್ವಲ್ಪ ತರಿ ಇರುವ ಡ್ರಾಯಿಂಗ್ ಹಾಳೆ ಕೊಟ್ಟು, ಇದ್ದಿಲ ಪುಡಿಯನ್ನು ಹತ್ತಿಯಿಂದ ಹಾಳೆ ತುಂಬ ಉಜ್ಜಿಸಿ. ಹಾಳೆ ಪೂರ್ತಿ ಬೂದಿಬಣ್ಣಕ್ಕೆ ಬಂದ ಮೇಲೆ ರಬ್ಬರಿನಿಂದ ಬೆಳಕಿರುವ ಕಡೆಯಷ್ಟೇ ಅಳಿಸುತ್ತಾ ಒಂದು ಮುಖವನ್ನೋ ದೀಪವನ್ನೋ ತರಲಿ. ಹಳೆಯ ಬ್ರೆಡ್ಡಿನ ತಿರುಳನ್ನು ಉಂಡೆ ಮಾಡಿದರೆ ರಬ್ಬರಿಗಿಂತ ಮೃದುವಾಗಿ ಇದ್ದಿಲನ್ನು ಎತ್ತುತ್ತದೆ. ನುಣುಪು ಹಾಳೆಯಲ್ಲಿ ಇದ್ದಿಲು ನಿಲ್ಲುವುದಿಲ್ಲ, ನೋಟ್‌ಬುಕ್ ಹಾಳೆ ಹರಿಯುತ್ತದೆ. ಕೊಬ್ಬರಿ ಎಣ್ಣೆ ಹಚ್ಚಿದ ಕೈ ತಾಗಿದ ಕಡೆ ಕಲೆ ಕೂತರೆ ಏನು ಮಾಡಿದರೂ ಹೋಗದು, ಮೊದಲೇ ಸೋಪಿನಲ್ಲಿ ಕೈ ತೊಳೆಸುವುದು ಲೇಸು.

ಇನ್ನೊಂದು ಜೋಡಿ ನೋಟ ಮೈಸೂರು–ಮಂಡ್ಯದ ಮಕ್ಕಳಿಗೆ ಮಾತ್ರ ಇಷ್ಟು ಸುಲಭವಾಗಿ ಸಿಗುವಂಥದ್ದು. ಜನಜಂಗುಳಿ ಬಿಡಿಸುವುದು ಹೇಗೆ? ಈ ವಯಸ್ಸಿನವರ ಬಲು ದೊಡ್ಡ ಫಜೀತಿ ಇದು. ಐದು ಜನರನ್ನು ಒಂದೇ ಗೆರೆಯ ಮೇಲೆ ಪಕ್ಕಪಕ್ಕ ನಿಲ್ಲಿಸಿ, ಆರನೆಯವರಿಗೆ ಜಾಗ ಸಾಲದೆ ಕೈಚೆಲ್ಲುತ್ತಾರೆ. ದರಿಯಾ ದೌಲತ್‌ನ ಪಶ್ಚಿಮ ಗೋಡೆಯಲ್ಲಿ ಹೈದರ್, ಟಿಪ್ಪು ಇಂಗ್ಲಿಷರನ್ನು ಸೋಲಿಸಿದ 1780ರ ಪೊಳ್ಳಿಲೂರು ಕದನ ಇದೆ. ಸೈನಿಕರು ಸಾಲು ಸಾಲು, ದೂರದವರು ಗೋಡೆಯ ಮೇಲುಭಾಗಕ್ಕೆ ಏರುತ್ತಾರೆಯೇ ಹೊರತು ಚುಕ್ಕೆಯಾಗುವುದಿಲ್ಲ. ಗಾಯಗೊಂಡ ಇಂಗ್ಲಿಷ್ ಸೇನಾನಾಯಕ ಕರ್ನಲ್ ಬೇಯ್ಲಿ ಪಲ್ಲಕ್ಕಿಯಲ್ಲಿದ್ದಾನೆ, ಅವನನ್ನು ಹುಡುಕಲು ಹೇಳಿದರೆ ಸಾಕು, ಮಕ್ಕಳು ಇಡೀ ಗೋಡೆ ಓದುತ್ತಾರೆ. ಅಲ್ಲಿಂದ ಅಂಬಾವಿಲಾಸಕ್ಕೆ ಸುಮಾರು 15 ಕಿಲೋಮೀಟರು. ಕಲ್ಯಾಣಮಂಟಪದ ಮೆರವಣಿಗೆ ಚಿತ್ರಗಳು ಫೋಟೋಗಳನ್ನು ಆಧರಿಸಿದವು. ಅಲ್ಲಿ ಹತ್ತಿರದವರಿಗೆ ಮುಖ ಇದೆ, ಹಿಂದಿನವರಿಗೆ ಪೇಟ ಮಾತ್ರ, ಇನ್ನೂ ಹಿಂದೆ ಬರೀ ಬಣ್ಣದ ಚುಕ್ಕೆ. ಒಬ್ಬರನ್ನೊಬ್ಬರು ಮರೆ ಮಾಡುತ್ತಾರೆ, ಕಟ್ಟಡಗಳು ದೂರ ಹೋದಂತೆ ಕುಗ್ಗುತ್ತವೆ. ಎರಡೂ ಸರಿಯಾದ ದಾರಿಗಳೇ, ಒಂದು ಇನ್ನೊಂದಕ್ಕಿಂತ ಹಿಂದುಳಿದದ್ದಲ್ಲ. ಈ ಮಾತು ಹೇಳದೆ ಬಿಟ್ಟರೆ ಮಕ್ಕಳು ಫೋಟೋದಂತಿರುವುದೇ ಮೇಲು ಎಂದುಕೊಳ್ಳುತ್ತಾರೆ.

ಕೊಡಬೇಕಾದ ಕೆಲಸ ಚಿಕ್ಕದು: ಒಂದು ಅಡಿ ಅಗಲ, ಮೂರು ಅಡಿ ಉದ್ದದ ಪಟ್ಟಿ, ಇಪ್ಪತ್ತು ಜನ, ಒಂದು ಆನೆ. ಅರ್ಧ ತರಗತಿ ದರಿಯಾ ದೌಲತ್ ಗೋಡೆಯ ಕ್ರಮದಲ್ಲಿ, ಇನ್ನರ್ಧ ಕಲ್ಯಾಣಮಂಟಪದ ಕ್ರಮದಲ್ಲಿ. ಮರೆ ಮಾಡುವ ಕ್ರಮದಲ್ಲಿ ಎಡವುವುದು ಒಂದೇ ಕಡೆ, ಹಿಂದಿನವರನ್ನು ಮೊದಲು ಬಿಡಿಸಿಬಿಡುತ್ತಾರೆ. ಮುಂದಿನವರಿಂದ ಶುರು ಮಾಡಿ, ಉಳಿದ ಸಂದಿಯಲ್ಲಿ ಹಿಂದಿನವರನ್ನು ತೂರಿಸಲು ಹೇಳಬೇಕು.

ದರಿಯಾ ದೌಲತ್ ಕೇಂದ್ರದ ಪುರಾತತ್ವ ಇಲಾಖೆಯದು, 15 ವರ್ಷದೊಳಗಿನವರಿಗೆ ಟಿಕೆಟ್ ಇಲ್ಲ. ಜಗಲಿಯ ಹಸಿರು ಪರದೆಗಳನ್ನು ಇಳಿಬಿಟ್ಟಿರುವುದು ಬಿಸಿಲಿಗೆ ಬಣ್ಣ ಮಾಸದಿರಲಿ ಎಂದು. ಒಳಗೆ ಮಬ್ಬು ಎಂದು ಮಕ್ಕಳು ಗೊಣಗಿದಾಗ ಕಾರಣ ಹೇಳಿದರೆ ಅದೇ ಒಂದು ಪಾಠ: ಕಾಗದದ ಮೇಲಿನ ಜಲವರ್ಣಕ್ಕೆ ಸಂಗ್ರಹಾಲಯಗಳು ಸಾಮಾನ್ಯವಾಗಿ 50 ಲಕ್ಸ್‌ಗಿಂತ (ಲಕ್ಸ್ ಎಂದರೆ ಬೆಳಕಿನ ಅಳತೆ) ಹೆಚ್ಚು ಬೆಳಕು ಬಿಡುವುದಿಲ್ಲ, ಮಾಸಿದ ಬಣ್ಣ ಮತ್ತೆ ಬರುವುದಿಲ್ಲ.

ಕೈಕೆಲಸದ ಕಾರ್ಯಾಗಾರಗಳಲ್ಲಿ ಕೆಡುವುದು ಬಹುಮಟ್ಟಿಗೆ ಸಾಮಗ್ರಿಯ ಆಯ್ಕೆಯಲ್ಲಿ. ತೊಗಲುಗೊಂಬೆ ನೋಡಿ ಬಂದು ಮಕ್ಕಳಿಂದ ನೆರಳುಗೊಂಬೆ ಮಾಡಿಸುವಾಗ ಪೋಸ್ಟರ್ ಬಣ್ಣ ಕೊಡುತ್ತಾರೆ. ಮೇಜಿನ ಮೇಲೆ ಕೆಂಪು, ಹಸಿರು ಥಳಥಳ, ಪರದೆಯ ಹಿಂದೆ ಹಿಡಿದರೆ ಎಲ್ಲ ಕಪ್ಪು. ಪೋಸ್ಟರ್ ಬಣ್ಣದ ಮೂಲಕ ಬೆಳಕು ಹಾಯುವುದಿಲ್ಲ, ಅಷ್ಟೇ ಕಾರಣ. ಹದ ಮಾಡಿ ತೆಳುವಾಗಿಸಿದ ಆಡಿನ ತೊಗಲಿನ ಗುಣವೇ ಬೆಳಕು ಹಾಯಿಸುವುದು. ಅದಕ್ಕೆ ಬದಲಿ ಹೀಗೆ: ತೆಳು ಡ್ರಾಯಿಂಗ್ ಶೀಟಿನಲ್ಲಿ ಒಂದು ಅಡಿ ಎತ್ತರದ ಗೊಂಬೆ ಕತ್ತರಿಸಿ, ಕೇಕ್ ಜಲವರ್ಣವನ್ನೋ ಬಣ್ಣದ ಇಂಕನ್ನೋ ತೆಳ್ಳಗೆ ಹಚ್ಚಿ, ಪೂರ್ತಿ ಒಣಗಿದ ಮೇಲೆ ಹಿಂಬದಿಗೆ ಹತ್ತಿಯಲ್ಲಿ ಎಣ್ಣೆ ಸವರಬೇಕು. ಎಣ್ಣೆ ಮೊದಲಾದರೆ ಬಣ್ಣ ಹಿಡಿಯುವುದೇ ಇಲ್ಲ. ಒಡವೆ, ಸೀರೆ ಅಂಚಿನ ತೂತುಗಳನ್ನು ಎಣ್ಣೆಗೆ ಮುಂಚೆ ದಪ್ಪ ಸೂಜಿಯಿಂದ ಚುಚ್ಚಿ, ಭುಜ ಮತ್ತು ಮೊಣಕೈಗೆ ದಾರದ ಗಂಟು ಹಾಕಿ, ಬೆನ್ನಿಗೆ ಸೀಳು ಬಿದಿರ ಕಡ್ಡಿ ಕಟ್ಟಬೇಕು. ಪರದೆಗೆ ಒಂದೇ ಪದರದ ಬಿಳಿ ಪಂಚೆ, ಹಿಂದೆ ಒಂದೇ ಬಲ್ಬು. ಟ್ಯೂಬ್‌ಲೈಟಿನಲ್ಲಿ ಅಂಚು ಮಸುಕು, ಎರಡು ಬಲ್ಬಿದ್ದರೆ ನೆರಳೂ ಎರಡು. ಗೊಂಬೆಯನ್ನು ಪರದೆಗೆ ಒತ್ತಿಯೇ ಆಡಿಸಬೇಕು, ಎರಡು ಬೆರಳು ದೂರ ಸರಿದರೂ ಬಣ್ಣ ಕಲಸಿಹೋಗುತ್ತದೆ.

ಮೈಸೂರು ಸಾಂಪ್ರದಾಯಿಕ ಚಿತ್ರಕಲೆಯ ಮಕ್ಕಳ ಶಿಬಿರಗಳ ಬಗ್ಗೆ ಸ್ವಲ್ಪ ಗಡುಸಾಗಿಯೇ ಹೇಳಬೇಕು. ಅಚ್ಚಾದ ಗೆರೆ, ಬಂಗಾರದ ಬಣ್ಣದ ಹಾಳೆ, ಕಲ್ಲುಮಣಿ ಇರುವ ಕಿಟ್ ಕೊಟ್ಟು ಎರಡು ಗಂಟೆಯಲ್ಲಿ ಮುಗಿಸಿದರೆ ಅದು ಮೈಸೂರು ಶೈಲಿಯಲ್ಲ. ಈ ಶೈಲಿಯ ಉಬ್ಬುಕೆಲಸ, ಅಂದರೆ ಬಂಗಾರದ ಹಾಳೆಯ ಅಡಿಗೆ ಎಳೆಯುವ ಉಬ್ಬು ಗೆರೆ, ತೆಳು, ತಂಜಾವೂರಿನಂತೆ ದಪ್ಪವಲ್ಲ. ಇನ್ನು ಕೆಲವರು 'ಅಸಲಿ ಪದ್ಧತಿ' ಎಂದು ಹಳೆಯ ಸಾಮಗ್ರಿಗಳನ್ನೇ ತರುತ್ತಾರೆ, ಅದು ಅಪಾಯ. ಹಳೆಯ ಬಿಳಿ ಬಣ್ಣ ಸಫೇದಾದಲ್ಲಿ ಸೀಸ ಇರುತ್ತಿತ್ತು, ಹಳದಿ ಬಣ್ಣದ ಅರದಾಳದಲ್ಲಿ ಆರ್ಸೆನಿಕ್, ಕೆಂಪು ಬಣ್ಣದ ಇಂಗಳೀಕದಲ್ಲಿ ಪಾದರಸ. ಉಬ್ಬುಕೆಲಸಕ್ಕೆ ಸೇರಿಸುತ್ತಿದ್ದ ಹಳದಿ ಅಂಟು ರೇವಲಚಿನ್ನಿ ಉಗ್ರ ಭೇದಿಯ ವಸ್ತು. ಕುಂಚದ ತುದಿಯನ್ನು ತುಟಿಗಿಟ್ಟು ಚೂಪು ಮಾಡುವ ಮಕ್ಕಳ ಕೈಗೆ ಇವು ಯಾವುವೂ ಸಲ್ಲ.

ಉಬ್ಬುಕೆಲಸಕ್ಕೆ ಇವುಗಳ ಬದಲಿಗೆ ಎರಡು ಭಾಗ ನಯವಾದ ಸೀಮೆಸುಣ್ಣದ ಪುಡಿ, ಒಂದು ಭಾಗ ಬಿಳಿ ಫೆವಿಕಾಲ್, ಹನಿ ಹನಿ ನೀರು. ದೋಸೆ ಹಿಟ್ಟಿನ ಹದಕ್ಕೆ ಬಂದಾಗ ಬಟ್ಟೆಯಲ್ಲಿ ಸೋಸಿ ಮೆಹಂದಿ ಕೋನಿಗೆ ತುಂಬಬಹುದು. ಸೋಸದಿದ್ದರೆ ಕೋನಿನ ತುದಿ ಕಟ್ಟಿಕೊಂಡು, ಮಗು ಹಿಂಡಿ, ಹಿಂದಿನಿಂದ ಒಡೆಯುತ್ತದೆ. ಗೆರೆ ಒಂದು ಮಿಲಿಮೀಟರ್ ಎತ್ತರ ಮೀರಬಾರದು. ದಪ್ಪ ಗೆರೆಯ ಮೇಲ್ಪದರ ಮೊದಲು ಒಣಗಿ ಕುಗ್ಗುತ್ತದೆ, ಒಳಗೆ ಹಸಿ ಇರುತ್ತದೆ, ಬಿರುಕು ಬರುವುದು ಹಾಗೆ. ಹಾಳೆಯ ಮೇಲೆ ಮಾಡಿದರೆ ಹಾಳೆಯೇ ಸುರುಳುತ್ತದೆ, ಎರಡು ಮಿಲಿಮೀಟರಿನ ರಟ್ಟಾದರೂ ಬೇಕು. ಬೇಸಿಗೆಯಲ್ಲೇ ನಾಲ್ಕೈದು ಗಂಟೆ ಒಣಗಬೇಕು, ಆಷಾಢದಲ್ಲಿ ರಾತ್ರಿಯಿಡೀ. ಆದ್ದರಿಂದ ಒಂದೇ ದಿನದ ಕಾರ್ಯಾಗಾರದಲ್ಲಿ ಇದು ಆಗದ ಮಾತು. ಮೊದಲ ದಿನ ಹುಣಸೆ ಕಡ್ಡಿಯ ಇದ್ದಿಲಿನಲ್ಲಿ ಗೆರೆ, ಹಿನ್ನೆಲೆ ಬಣ್ಣ, ಉಬ್ಬು. ಎರಡನೆಯ ದಿನ ಬಂಗಾರದ ಹಾಳೆ ಮತ್ತು ಕೊನೆಯ ಕಪ್ಪುಗೆರೆ. ಇಡೀ ದೇವಿಯ ಚಿತ್ರ ಬೇಡ. ಒಂದು ಕಿರೀಟ ಅಥವಾ ಒಂದು ಬಾಗಿಲಕಮಾನು, ಅಂಗೈಯಗಲ ಸಾಕು.

ಇಷ್ಟು ಸರಳವಾದರೆ ಯಾಕೆ ನಡೆಯುತ್ತಿಲ್ಲ? ಮುಖ್ಯ ಕಾರಣ ಒಡೆತನ. ಅಂಬಾವಿಲಾಸ ಅರಮನೆ ಮಂಡಳಿಯದು, ಜಗನ್ಮೋಹನ ರಾಜಮನೆತನದ ಕಡೆಯದು, ಜಾನಪದ ಸಂಗ್ರಹಾಲಯ ವಿಶ್ವವಿದ್ಯಾನಿಲಯದ್ದು, ಕಾವಾ ಮತ್ತು ರಂಗಾಯಣ ಕನ್ನಡ ಮತ್ತು ಸಂಸ್ಕೃತಿ ಇಲಾಖೆಯವು, ವೆಲ್ಲಿಂಗ್ಟನ್ ಹೌಸಿನ ಮಾನವ ಸಂಗ್ರಹಾಲಯ ಕೇಂದ್ರದ್ದು, ಶಾಲೆಗಳು ಶಿಕ್ಷಣ ಇಲಾಖೆಯವು. ಚಿತ್ರ ಒಬ್ಬರ ಹತ್ತಿರ, ಕಲಿಸಬಲ್ಲವರು ಇನ್ನೊಬ್ಬರ ಹತ್ತಿರ, ಮಕ್ಕಳು ಮತ್ತೊಬ್ಬರ ಹತ್ತಿರ. ಪ್ರತಿಯೊಬ್ಬರೂ ತಮ್ಮ ತಮ್ಮ ಆವರಣದಲ್ಲಿ ಸ್ಪರ್ಧೆ ಇಡುತ್ತಾರೆ, ಬಹುಮಾನದ ಫೋಟೋ ಪತ್ರಿಕೆಯಲ್ಲಿ ಬರುತ್ತದೆ.

ಜೋಡಿಸಬೇಕಾದ ಕೊಂಡಿ ಕಾವಾ ವಿದ್ಯಾರ್ಥಿಗಳು. 40 ಮಕ್ಕಳ ತರಗತಿಗೆ ನಾಲ್ಕು ಜನ ಬೇಕು, ಹತ್ತಕ್ಕೊಬ್ಬರು. ನಾಲ್ಕು ಗುಂಪು ನಾಲ್ಕು ಚಿತ್ರದ ಮುಂದೆ, ಹನ್ನೆರಡು ನಿಮಿಷಕ್ಕೊಮ್ಮೆ ಜಾಗ ಬದಲು, ಮೂರು ಸುತ್ತಿಗೇ ಮುಕ್ತಾಯ. ನಾಲ್ಕನೆಯ ಸುತ್ತಿಗೆ ಮಕ್ಕಳ ಕಾಲು ಸೋತಿರುತ್ತದೆ, ಮಾತು ತಿಂಡಿಯ ಕಡೆ ತಿರುಗಿರುತ್ತದೆ. ಆಮೇಲೆ ಇಪ್ಪತ್ತು ನಿಮಿಷ ಇಷ್ಟವಾದ ಒಂದರ ಮುಂದೆ ಕೂತು ಗೆರೆ. ಶೂ, ಬ್ಯಾಗು, ನೀರು ಎಲ್ಲ ಸೇರಿ ಒಂದೂವರೆ ಗಂಟೆ. ಪರೀಕ್ಷೆಗೆ ಒಯ್ಯುವ ಪ್ಯಾಡು, ಎ4 ಡ್ರಾಯಿಂಗ್ ಹಾಳೆ ಮೂರು, ಮೊದಲೇ ಚೂಪು ಮಾಡಿದ 2ಬಿ ಪೆನ್ಸಿಲ್ ಎರಡು. ಒಳಗೆ ಮೆಂಡರ್ ಬೇಡ, ಪೆನ್ನು, ಸ್ಕೆಚ್‌ಪೆನ್, ನೀರಿನ ಬಾಟಲಿ ಬೇಡವೇ ಬೇಡ. ರಬ್ಬರನ್ನೂ ಹೊರಗಿಡುವುದು ಒಳ್ಳೆಯದು. ಅದಿದ್ದರೆ ಇಪ್ಪತ್ತರಲ್ಲಿ ಹದಿನೈದು ನಿಮಿಷ ಒಂದೇ ಮೂಗು ಅಳಿಸುವುದರಲ್ಲಿ ಕಳೆಯುತ್ತದೆ.

ಹಣ ಬೇಕಾಗುವುದು ಹೆಚ್ಚಾಗಿ ಬಸ್ಸಿಗೆ. ಮಂಡ್ಯದಿಂದ ಮೈಸೂರಿಗೆ ಸುಮಾರು 45 ಕಿಲೋಮೀಟರು. ಶಕ್ತಿ ಯೋಜನೆಯಲ್ಲಿ ಹೆಣ್ಣುಮಕ್ಕಳಿಗೂ ಶಿಕ್ಷಕಿಯರಿಗೂ ಸಾಮಾನ್ಯ ಸಾರಿಗೆ ಬಸ್ಸು ಉಚಿತ, ಹುಡುಗರ ಟಿಕೆಟ್ ಮಾತ್ರ ಶಾಲೆ ಹೊಂದಿಸಬೇಕು. ಮಂಡ್ಯದ ಶಾಲೆಗಳು ಮೈಸೂರಿನವರೆಗೆ ಬರಲೇಬೇಕೆಂದೂ ಇಲ್ಲ, ದರಿಯಾ ದೌಲತ್ ದಾರಿಯಲ್ಲೇ ಇದೆ. ವರ್ಷಕ್ಕೊಂದು ದೊಡ್ಡ ಪ್ರವಾಸದ ಖರ್ಚಿನಲ್ಲಿ ಒಂದೇ ಜಾಗಕ್ಕೆ ಎರಡು ಸಲ ಹೋಗಿ ಬರಬಹುದು. ಎರಡನೆಯ ಭೇಟಿ ಆರೇಳು ವಾರದ ನಂತರ, ಅದೇ ಚಿತ್ರಕ್ಕೆ. ಮೊದಲ ಸಲದ ಗೆರೆಹಾಳೆಯನ್ನು ಪಕ್ಕದಲ್ಲಿಟ್ಟುಕೊಂಡು ಮತ್ತೆ ಬಿಡಿಸಿದಾಗ ಏನು ಬದಲಾಗಿದೆ ಎಂದು ಮಗುವೇ ಹೇಳುತ್ತದೆ. ಅಂಕ, ಬಹುಮಾನದ ಬದಲು ಕಲಿಕೆಯ ಅಳತೆಗೆ ಈ ಎರಡು ಹಾಳೆ ಸಾಕು.

ಕಾಲವನ್ನೂ ಆರಿಸಿಕೊಳ್ಳಬೇಕು. ದಸರಾ ರಜೆ ಮತ್ತು ಡಿಸೆಂಬರ್ ಬಿಟ್ಟು ಜುಲೈ, ಆಗಸ್ಟ್ ತಿಂಗಳ ಮಂಗಳವಾರ ಅಥವಾ ಬುಧವಾರ ಅನುಕೂಲ. ಅರಮನೆ ಬಾಗಿಲು ತೆರೆಯುವ ಹತ್ತು ಗಂಟೆಗೇ ಒಳಗಿದ್ದರೆ ಕಲ್ಯಾಣಮಂಟಪದಲ್ಲಿ ನಿಲ್ಲಲು ಜಾಗ ಸಿಗುತ್ತದೆ, ಹನ್ನೊಂದೂವರೆಯ ನಂತರ ಹಿಂದಿನಿಂದ ಬರುವ ಜನವೇ ತಳ್ಳಿಕೊಂಡು ಹೋಗುತ್ತಾರೆ. ಮುಖ್ಯ ಶಿಕ್ಷಕರ ಪತ್ರ ಎರಡು ವಾರ ಮೊದಲೇ ತಲುಪಬೇಕು. ಅದರಲ್ಲಿ ಮಕ್ಕಳ ಸಂಖ್ಯೆ, ತರಗತಿ, ಜೊತೆಗೆ ಬರುವ ಹಿರಿಯರೆಷ್ಟು, ಯಾವ ಕೋಣೆ, ಎಷ್ಟು ಹೊತ್ತು, ಪೆನ್ಸಿಲ್ ಮಾತ್ರ ಬಳಸುತ್ತೇವೆ, ನೆಲದ ಮೇಲೆ ಕೂರಲು ಅನುಮತಿ ಬೇಕು ಎಂಬ ವಿವರ ಇರಲಿ. ಹಳೆಯ ಕಟ್ಟಡಗಳಲ್ಲಿ ದುರಸ್ತಿಗೆಂದು ಕೋಣೆ ಮುಚ್ಚುವುದು, ಚಿತ್ರದ ಜಾಗ ಬದಲಿಸುವುದು ಮಾಮೂಲು, ಹಿಂದಿನ ದಿನ ಫೋನ್ ಮಾಡಿ ಕೇಳಿ. ಕೂರುವ ಅನುಮತಿಯನ್ನು ಲಿಖಿತವಾಗಿಯೇ ಪಡೆದು, ಪತ್ರದ ಪ್ರತಿಯನ್ನು ನಾಲ್ಕೂ ಗುಂಪಿನವರ ಕೈಯಲ್ಲಿ ಕೊಟ್ಟಿರಿ. ಬಾಗಿಲಲ್ಲಿ ಒಪ್ಪಿದ ಮಾತು ಒಳಗಿನ ಕಾವಲುಗಾರರಿಗೆ ತಲುಪಿರುವುದಿಲ್ಲ.